ಪಾರಣೆಯಿಲ್ಲದ ತ್ಯಾಗ: ಗೋಧಿಯ ಅಂಟು ಮತ್ತು ಶ್ರಾವಕರ ಅಡಿಗೆಮನೆ

ಪ್ರತಿಯೊಂದು ವ್ರತಕ್ಕೂ ಒಂದು ಅವಧಿಯುಂಟು. ಅಷ್ಟಮಿ-ಚತುರ್ದಶಿಗಳ ಉಪವಾಸಕ್ಕೆ ಮರುದಿನ ಪಾರಣೆಯುಂಟು. ದಶಲಕ್ಷಣ ಪರ್ವದ ಏಕಾಶನವು ಹತ್ತು ದಿನಗಳಿಗೆ ಮುಗಿಯುತ್ತದೆ. ಆದರೆ ಪಾರಣೆಯೇ ಇಲ್ಲದ ಆಹಾರತ್ಯಾಗವೊಂದುಂಟು. ಅದನ್ನು ಮನುಷ್ಯನು ತಾನಾಗಿ ಸ್ವೀಕರಿಸುವುದಿಲ್ಲ, ಶರೀರವೇ ವಿಧಿಸುತ್ತದೆ. ಸೀಲಿಯಾಕ್ ಎಂಬ ರೋಗವುಳ್ಳವರು ಗೋಧಿಯನ್ನು ಜೀವಾವಧಿ ಬಿಡಬೇಕಾಗುತ್ತದೆ. ಇಂಥವರೊಬ್ಬರು ಮನೆಯಲ್ಲಿದ್ದರೆ ಕುಟುಂಬವು ತಿಳಿದಿರಬೇಕಾದುದೇನು ಎಂಬುದೇ ಈ ಪಾಠದ ವಿಷಯ.

ಗ್ಲುಟೆನ್ ಎಂದರೇನು?

ಗೋಧಿಯ ಕಣಕವನ್ನು ಲಟ್ಟಿಸಿದರೆ ಅದು ಹರಿಯದೆ ಹಿಗ್ಗುತ್ತದೆ. ಜೋಳದ ಹಿಟ್ಟು ಹಾಗಲ್ಲ. ಗುಳೇದಗುಡ್ಡ, ಬಾದಾಮಿ, ಇಳಕಲ್ಲಿನ ಮನೆಗಳಲ್ಲಿ ತಾಯಂದಿರು ಅದಕ್ಕೆ ಕುದಿನೀರು ಹಾಕಿ ನಾದಿ, ಅಂಗೈಯಿಂದ ಬಡಿದು ರೊಟ್ಟಿ ಮಾಡುತ್ತಾರೆ. ಈ ಭೇದಕ್ಕೆ ಕಾರಣ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟಾದ ಸಸಾರಜನಕ. ಕಣಕದ ಉಂಡೆಯನ್ನು ನೀರಿನಲ್ಲಿ ಹಿಸುಕಿ ತೊಳೆದರೆ ಪಿಷ್ಟವು ಹೋಗಿ ರಬ್ಬರಿನಂಥ ಮುದ್ದೆ ಉಳಿಯುವುದು, ಅದೇ ಗ್ಲುಟೆನ್. ಬಾರ್ಲಿಯಲ್ಲಿಯೂ ಇದೇ ಬಗೆಯ ಸಸಾರಜನಕವಿದೆ. ಜೋಳ, ಸಜ್ಜೆ, ನವಣೆ, ರಾಗಿ, ಅಕ್ಕಿ, ಬೇಳೆಕಾಳುಗಳಲ್ಲಿ ಅದು ಇಲ್ಲ.

ಬಹುಜನರಿಗೆ ಗ್ಲುಟೆನ್ ನಿರಪಾಯವಾದುದು. ಸೀಲಿಯಾಕ್ ರೋಗಿಗಳಲ್ಲಿ ಮಾತ್ರ ಅದರಿಂದ ಕೆರಳಿದ ದೇಹದ ರಕ್ಷಣಾಶಕ್ತಿಯು ಸಣ್ಣ ಕರುಳಿನ ಒಳಪದರವನ್ನೇ ಹಾಳುಗೆಡಹುತ್ತದೆ. ಉಂಡ ಅನ್ನದ ಸಾರವು ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಎಲುಬುಗಳ ದೌರ್ಬಲ್ಯ ತಲೆದೋರುತ್ತವೆ; ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಂ ಡಿಕ್ಕೆಯವರು ಗೋಧಿಯೇ ಇದಕ್ಕೆ ಕಾರಣವೆಂಬುದನ್ನು 1950ರ ತಮ್ಮ ಮಹಾಪ್ರಬಂಧದಲ್ಲಿ ಪ್ರತಿಪಾದಿಸಿದರು. ಇಂದಿಗೂ ಗ್ಲುಟೆನ್‌ರಹಿತ ಆಹಾರವೇ ಇದರ ಮುಖ್ಯ ಚಿಕಿತ್ಸೆ. ಭಾರತದಲ್ಲಿ ಗೋಧಿ ಪ್ರಧಾನವಾದ ಉತ್ತರ ಭಾಗದಲ್ಲಿ ಈ ರೋಗ ಹೆಚ್ಚು, ದಕ್ಷಿಣದಲ್ಲಿ ವಿರಳ.

ಪರೀಕ್ಷೆಗೆ ಮೊದಲು ಬಿಡಬಾರದು

ಸಂದೇಹ ಬಂದೊಡನೆ ಗೋಧಿತ್ಯಾಗದ ನಿಯಮವನ್ನು ಕೈಕೊಳ್ಳುವುದು ತಪ್ಪು. ರಕ್ತಪರೀಕ್ಷೆ ಮತ್ತು ಕರುಳಿನ ಪರೀಕ್ಷೆಗಳು ಗೋಧಿಯನ್ನು ತಿನ್ನುತ್ತಿರುವಾಗಲೇ ನಡೆಯಬೇಕು. ಇಲ್ಲವಾದರೆ ಇರುವ ರೋಗವೂ ಕಾಣದೆ ಹೋಗಬಹುದು. ಮೊದಲು ಪರೀಕ್ಷೆ, ಅನಂತರ ತ್ಯಾಗ.

ವ್ರತದ ಶುದ್ಧಿ, ಪಥ್ಯದ ಶುದ್ಧಿ

ರಸಪರಿತ್ಯಾಗದಲ್ಲಿ ಬಿಡತಕ್ಕವು ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳು. ಗೋಧಿಯು ಅವುಗಳಲ್ಲಿಲ್ಲ. ಆದ್ದರಿಂದ ಉಪ್ಪು-ತುಪ್ಪಗಳಿಲ್ಲದ ಚಪಾತಿಯು ವ್ರತಿಕರಿಗೆ ಯೋಗ್ಯವಾದರೂ ಈ ರೋಗಿಗೆ ಅಪಥ್ಯವೇ. ಹೋಳಿಗೆ, ಶಾವಿಗೆ, ರವೆಯ ಉಂಡೆ, ಗೋಧಿಹುಗ್ಗಿಗಳೂ ವರ್ಜ್ಯ. ಅಂಗಡಿಯ ಇಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳ ಬೀಸಿದರೆ ಆ ಹಿಟ್ಟೂ ಕೆಡುತ್ತದೆ. ವ್ರತದಲ್ಲಿ ಅರಿಯದೆ ಆದ ದೋಷಕ್ಕೆ ಪ್ರಾಯಶ್ಚಿತ್ತವುಂಟು; ಕರುಳು ಮಾತ್ರ ಅರಿತು ತಿಂದುದಕ್ಕೂ ಅರಿಯದೆ ತಿಂದುದಕ್ಕೂ ಭೇದವೆಣಿಸದು.

ಆದರೂ ದಿಗಂಬರ ಕುಟುಂಬಗಳಿಗೆ ಈ ಎಚ್ಚರಿಕೆ ಹೊಸದಲ್ಲ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ಪಾಲಿಸಿ, ಮನೆಯಲ್ಲಿಯೇ ಬೀಸಿ ಚೌಕದಲ್ಲಿ ಅಡಿಗೆ ಮಾಡುವವರಿಗೆ ಬೇರೊಂದು ಬೀಸುಕಲ್ಲು, ಜರಡಿ, ಕೊಣಮಿಗೆ, ಹಂಚುಗಳನ್ನಿಡುವುದು ಕಷ್ಟವೇ? ಗೋಧಿಗೆ ಬದಲೆಂದು ಆಲೂಗಡ್ಡೆಯ ಪಿಷ್ಟ, ಮರಗೆಣಸಿನಿಂದಾದ ಸಾಬುದಾನೆಗಳನ್ನು ಕೆಲವರು ಸೂಚಿಸಬಹುದು. ಕಂದಮೂಲಗಳನ್ನು ತ್ಯಜಿಸಿದವರಿಗೆ ಅವು ಸಲ್ಲವು. ಅವುಗಳ ಅಗತ್ಯವೂ ಇಲ್ಲ. ಜೋಳ-ಸಜ್ಜೆಗಳ ರೊಟ್ಟಿ, ನವಣೆಯ ಅನ್ನ, ಹೆಸರುಬೇಳೆ, ಶೇಂಗಾ ಉಂಡೆಗಳು ಈ ನೆಲದಲ್ಲಿಯೇ ಇವೆ.

ಷೋಡಶಕಾರಣ ಭಾವನೆಗಳಲ್ಲಿ ಶಕ್ತಿಯನ್ನರಿತು ಮಾಡುವ ತಪಸ್ಸೂ ಒಂದು. ರೋಗದಿಂದ ಕೃಶರಾದವರು ವೈದ್ಯರನ್ನು ಕೇಳದೆ ದೀರ್ಘ ಉಪವಾಸವನ್ನು ಕೈಕೊಳ್ಳಬಾರದು. ಇನ್ನು, ಪರ್ವದಿನದ ಪಂಕ್ತಿಯಲ್ಲಿ “ಒಂದು ತುಣುಕು ಹೋಳಿಗೆಯಿಂದ ಏನಾದೀತು?” ಎಂದು ಇಂಥ ಬಾಲಕನನ್ನು ಒತ್ತಾಯಿಸುವುದು ಪ್ರೀತಿಯಲ್ಲ. ಅವನಿಗೆಂದೇ ಮಾಡಿದ ರೊಟ್ಟಿಯನ್ನು ಎಲ್ಲರ ನಡುವೆ, ಎಲ್ಲರಿಗಿಂತ ಮೊದಲು ಬಡಿಸುವುದೇ ವಾತ್ಸಲ್ಯ.