ವೃದ್ಧಾಪ್ಯ, ಉಪವಾಸ ಮತ್ತು ಮಿದುಳಿನ ಶಕ್ತಿ

ಕೊಪ್ಪದ ಭಂಡಿಗಡಿ, ನರಸಿಂಹರಾಜಪುರದ ಸಿಂಹನಗದ್ದೆ ಮೊದಲಾದ ಮಲೆನಾಡಿನ ಎಡೆಗಳಲ್ಲಿ ಮಳೆಗಾಲವೂ ಚಾತುರ್ಮಾಸವೂ ಜೊತೆಯಾಗಿಯೇ ಬರುತ್ತವೆ. ಈ ಕಾಲದಲ್ಲಿ ಉಪವಾಸ ಕೈಗೊಳ್ಳುವವರಲ್ಲಿ ವಯೋವೃದ್ಧರೂ ಉಂಟು. ಮೂವತ್ತರಲ್ಲಿ ಸುಲಭವಾಗಿ ಸಾಗಿದ ವ್ರತವು ಎಪ್ಪತ್ತರಲ್ಲಿ ತಲೆಸುತ್ತು, ಮಂಕುಗಳನ್ನು ತರುವುದೇಕೆ? ಉತ್ತರದ ಒಂದು ಭಾಗ ಮಿದುಳಿನ ಜೀವಕೋಶಗಳಲ್ಲಿದೆ.

ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2ರಷ್ಟು. ವಿಶ್ರಾಂತಿಯಲ್ಲಿಯೂ ಅದು ಬಳಸುವ ಆಮ್ಲಜನಕವಾದರೋ ನೂರಕ್ಕೆ ಸುಮಾರು 20ರಷ್ಟು. ಅದರ ಮುಖ್ಯ ಇಂಧನ ಗ್ಲೂಕೋಸ್. ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳೆಂಬ ಸೂಕ್ಷ್ಮಾಂಗಗಳು ಆಮ್ಲಜನಕದ ನೆರವಿನಿಂದ ಈ ಇಂಧನವನ್ನು ಎ.ಟಿ.ಪಿ. ಎಂಬ ಶಕ್ತಿದ್ರವ್ಯವಾಗಿ ಮಾರ್ಪಡಿಸುತ್ತವೆ. ನರಕೋಶಗಳ ನಡುವಣ ಸಂದೇಶವಹನಕ್ಕೆ ಈ ಶಕ್ತಿಯ ಬಹುಪಾಲು ವ್ಯಯವಾಗುತ್ತದೆ.

ವಯಸ್ಸಾದಂತೆ ಮೈಟೊಕಾಂಡ್ರಿಯಗಳ ದಕ್ಷತೆ ಕುಗ್ಗುತ್ತದೆ. ಹಾನಿಗೊಂಡವುಗಳನ್ನು ತೆಗೆದುಹಾಕುವ ಕಾರ್ಯವೂ ನಿಧಾನವಾಗುತ್ತದೆ. ಬಹುತೇಕ ನರಕೋಶಗಳು ಜೀವಮಾನವಿಡೀ ಬದಲಾಗದೆ ಉಳಿಯುವುದರಿಂದ ಈ ಸವೆತ ಸಂಚಯವಾಗುತ್ತದೆ. ಮಿದುಳು, ವಿಶೇಷವಾಗಿ ಅದರ ಮುಂಭಾಗ, ಗ್ಲೂಕೋಸನ್ನು ಬಳಸುವ ಪ್ರಮಾಣವೂ ಇಳಿಯುತ್ತದೆ. ಆಲ್‌ಝೈಮರ್ ರೋಗದಲ್ಲಿ ಈ ಇಳಿಕೆ ಇನ್ನೂ ತೀವ್ರ.

ಉಪವಾಸದಲ್ಲಿ ಮೊದಲು ಯಕೃತ್ತಿನ ಗ್ಲೈಕೋಜನ್ ಸಂಗ್ರಹವು ರಕ್ತಕ್ಕೆ ಗ್ಲೂಕೋಸನ್ನು ಒದಗಿಸುತ್ತದೆ. ಸುಮಾರು ಒಂದು ದಿನದಲ್ಲಿ ಅದು ಬಹುಮಟ್ಟಿಗೆ ಬರಿದಾಗುತ್ತದೆ. ಬಳಿಕ ಕೊಬ್ಬಿನಿಂದ ಹುಟ್ಟುವ ಕೀಟೋನುಗಳು ಕ್ರಮೇಣ ಹೆಚ್ಚುತ್ತವೆ. ಐದಾರು ವಾರಗಳ ಉಪವಾಸದಲ್ಲಿದ್ದ ಸ್ಥೂಲಕಾಯರಲ್ಲಿ ಮಿದುಳಿನ ಪ್ರಧಾನ ಇಂಧನ ಕೀಟೋನುಗಳೇ ಎಂದು ಅಮೆರಿಕದ ವೈದ್ಯರು 1967ರಲ್ಲಿ ತೋರಿಸಿದರು. ಗ್ಲೂಕೋಸಿನ ಬಳಕೆ ಕುಂದಿದ ವೃದ್ಧರ ಮಿದುಳು ಕೂಡ ಕೀಟೋನುಗಳನ್ನು ಬಹುಮಟ್ಟಿಗೆ ಮೊದಲಿನಂತೆಯೇ ಸ್ವೀಕರಿಸಬಲ್ಲದೆಂಬುದು ನಂತರದ ಸಂಶೋಧನೆಗಳಿಂದ ತಿಳಿದಿದೆ.

ಆದರೆ ಒಂದು ದಿನದ ಉಪವಾಸದಲ್ಲಿ ಕೀಟೋನುಗಳ ಪ್ರಮಾಣ ಅಲ್ಪ. ಆಗಲೂ ಮಿದುಳು ಮುಖ್ಯವಾಗಿ ಗ್ಲೂಕೋಸನ್ನೇ ನೆಚ್ಚಿರುತ್ತದೆ. ಉಪವಾಸದಿಂದ ಮಿದುಳಿನ ಮುಪ್ಪು ನಿಲ್ಲುವುದೆಂದು ಸಿದ್ಧವಾಗಿಲ್ಲ. ಮೇಲಾಗಿ, ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಗುಳಿಗೆಗಳನ್ನು ತೆಗೆದುಕೊಳ್ಳುವವರು ನಿರಾಹಾರರಾದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ವೃದ್ಧರಿಗೆ ಬಾಯಾರಿಕೆಯ ಅರಿವೂ ಕಡಿಮೆ. ನಿರ್ಜಲ ಉಪವಾಸದಲ್ಲಿ ಇದು ಗಮನಾರ್ಹ. ಮಾತು ತೊದಲುವುದು, ಬೆವರು, ನಡುಕ, ಗೊಂದಲ ಕಂಡರೆ ಅದನ್ನು ತಪಸ್ಸಿನ ಆಯಾಸವೆಂದು ಬಗೆಯದೆ ಕೂಡಲೇ ಚಿಕಿತ್ಸೆ ಕೊಡಿಸತಕ್ಕದ್ದು.

ನಮ್ಮ ನಾಡಿನ ಗ್ರಾಮೀಣರ ಮಿದುಳಿನ ಮುಪ್ಪನ್ನು ಅರಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ದೀರ್ಘಾವಧಿಯ ಅಧ್ಯಯನವನ್ನು ಕೈಗೊಂಡಿದೆ. 45 ವರ್ಷ ಮೀರಿದವರ ಸ್ಮರಣೆ, ರಕ್ತದ ಸಕ್ಕರೆ, ರಕ್ತದೊತ್ತಡ ಮುಂತಾದವುಗಳನ್ನು ಅಲ್ಲಿ ಪರೀಕ್ಷಿಸಲಾಗುತ್ತದೆ.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ಅನುಗುಣವಾಗಿ ಆಚರಿಸಬೇಕೆಂದೇ ಹೇಳಿದೆ. ವೈದ್ಯರ ಸಲಹೆ ಪಡೆದು, ಉಪವಾಸಕ್ಕೆ ಬದಲಾಗಿ ಏಕಾಶನವನ್ನೋ ಊನೋದರವನ್ನೋ ಆರಿಸಿಕೊಳ್ಳುವ ವೃದ್ಧರ ವ್ರತಕ್ಕೆ ಇದರಿಂದ ಕುಂದಿಲ್ಲ.