ನಾಲ್ವರು ಜ್ಯೋರ್ಜರು

ಮಧ್ಯ ಯೂರೋಪಿನ ಹಂಗೇರಿ ದೇಶದಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರುಗಳ ಪೈಕಿ ‘ಜ್ಯೋರ್ಜ್’ ಎಂಬುದು ಬಹಳ ಹಳೆಯದು, ಬಹಳ ಬಳಕೆಯದು. ಈ ಹೆಸರಿನ ಮೊದಲ ಮತ್ತು ಕೊನೆಯ ವ್ಯಂಜನಗಳನ್ನು ಅಲ್ಲಿನ ಜನರು ನಮ್ಮ ಜಕಾರಕ್ಕೂ ‘ದ್ಯ’ ಎಂಬ ಒತ್ತಕ್ಷರಕ್ಕೂ ನಡುವಣ ಧ್ವನಿಯಾಗಿ ಉಚ್ಚರಿಸುತ್ತಾರೆ. ಇಂಗ್ಲಿಷಿನ ಜಾರ್ಜ್, ಜರ್ಮನಿನ ಗೇಯೋರ್ಗ್ ಎಂಬವೂ ಇದೇ ಹೆಸರಿನ ರೂಪಾಂತರಗಳು. ಎಲ್ಲಕ್ಕೂ ಮೂಲವು ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ‘ಗೇ’ ಎಂದರೆ ಭೂಮಿ, ‘ಎರ್ಗೊನ್’ ಎಂದರೆ ಕೆಲಸ. ಎರಡೂ ಕೂಡಿದಾಗ ನೆಲವನ್ನು ಉತ್ತು ದುಡಿಯುವವನು, ಅಂದರೆ ಬೇಸಾಯಗಾರ ಎಂಬ ಅರ್ಥವು ದೊರೆಯುತ್ತದೆ. ಹಂಗೇರಿಯಲ್ಲಿ ಏಪ್ರಿಲ್ 24ನೆಯ ದಿನವು ಸಂತ ಜ್ಯೋರ್ಜನ ಹಬ್ಬ. ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿದ್ದ ದನಕರುಗಳನ್ನು ಮೇವಿನ ಬಯಲಿಗೆ ಮೊದಲ ಸಲ ಹೊಡೆದುಕೊಂಡು ಹೋಗುವ ದಿನವೆಂದು ಹಳ್ಳಿಯ ಜನರು ಅದನ್ನು ಆಚರಿಸುತ್ತಿದ್ದರು. 1514ರಲ್ಲಿ ಅಲ್ಲಿನ ರೈತರ ದಂಗೆಗೆ ನಾಯಕನಾಗಿ ಪ್ರಾಣವನ್ನು ತೆತ್ತ ದೋಜಾ ಎಂಬವನ ಹೆಸರೂ ಜ್ಯೋರ್ಜ್ ಎಂದೇ.

ವಿಜ್ಞಾನದ ಚರಿತ್ರೆಯಲ್ಲಿಯೂ ಈ ಹೆಸರಿನ ಹಲವರು ಬರುತ್ತಾರೆ. ಅವರಲ್ಲಿ ನಾಲ್ವರನ್ನು ಇಲ್ಲಿ ಆರಿಸಿಕೊಂಡಿದೆ. ನಾಲ್ವರೂ ಹಂಗೇರಿಯ ರಾಜಧಾನಿಯಾದ ಬುಡಾಪೆಸ್ಟಿನಲ್ಲಿ ಹುಟ್ಟಿದವರು. ನಾಲ್ವರೂ ತಾಯ್ನಾಡನ್ನು ಬಿಟ್ಟು ಪರದೇಶಗಳಲ್ಲಿ ಬಾಳಿದವರು. ಇವರ ಕೆಲಸದಲ್ಲಿಯೂ ಒಂದು ಸಾಮ್ಯವಿದೆ. ಕಣ್ಣಿಗೆ ಕಾಣದೆ ನಡೆಯುವ ಒಂದು ವ್ಯಾಪಾರವನ್ನು ಸರಳವಾದ ಉಪಾಯದಿಂದ ಕಾಣುವಂತೆ ಮಾಡಿದವರು ಇವರು. ಹಂಗೇರಿಯನ್ನರು ಮನೆತನದ ಹೆಸರನ್ನು ಮೊದಲಿಟ್ಟು, ಸ್ವಂತ ಹೆಸರನ್ನು ಅದರ ಮುಂದೆ ಹೇಳುವುದು ರೂಢಿ. ನಾವೂ ಹಾಗೆಯೇ ಕರೆಯೋಣ.

ಗಂಟೆ ಕಟ್ಟಿದ ಪರಮಾಣು

ಹೆವೆಶಿ ಜ್ಯೋರ್ಜ್ ಹುಟ್ಟಿದ್ದು 1885ರಲ್ಲಿ. 1911ರಲ್ಲಿ ಅವನು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿ ರುದರ್‌ಫರ್ಡನ ಪ್ರಯೋಗಾಲಯವನ್ನು ಸೇರಿದನು. ಅಲ್ಲಿ ಯುರೇನಿಯಂ ಅದಿರಿನಿಂದ ಬಂದ ಸೀಸದ ದೊಡ್ಡ ರಾಶಿಯಿತ್ತು. ಅದರೊಳಗೆ ‘ರೇಡಿಯಂ-ಡಿ’ ಎಂಬ ವಿಕಿರಣಪಟು ವಸ್ತುವು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿತ್ತು. ಅದನ್ನು ಸೀಸದಿಂದ ಬೇರ್ಪಡಿಸಬೇಕೆಂದು ರುದರ್‌ಫರ್ಡನು ಈ ತರುಣನಿಗೆ ಒಪ್ಪಿಸಿದನು. ಹೆವೆಶಿಯು ತನಗೆ ತಿಳಿದ ರಾಸಾಯನಿಕ ವಿಧಾನಗಳನ್ನೆಲ್ಲ ಬಳಸಿದನು. ಬಹುಕಾಲದ ಶ್ರಮವು ವ್ಯರ್ಥವಾಯಿತು. ಸೀಸವು ಹೋದಲ್ಲಿಗೇ ರೇಡಿಯಂ-ಡಿ ಹೋಗುತ್ತಿತ್ತು.

ಇದಕ್ಕೆ ಕಾರಣವು ಇಂದು ನಮಗೆ ಸ್ಪಷ್ಟವಾಗಿದೆ. ರೇಡಿಯಂ-ಡಿ ಬೇರೊಂದು ಮೂಲವಸ್ತುವಲ್ಲ, ಅದೂ ಸೀಸವೇ. ಎರಡರ ಬೀಜದಲ್ಲಿಯೂ 82 ಪ್ರೋಟಾನುಗಳಿವೆ, ತೂಕದಲ್ಲಿ ಮಾತ್ರ ಅಲ್ಪ ಭೇದ. ಇಂಥ ಪರಮಾಣುಗಳಿಗೆ ಸಮಸ್ಥಾನಿಗಳೆಂದು ಹೆಸರು. ರಾಸಾಯನಿಕ ಕ್ರಿಯೆಗಳಲ್ಲಿ ಅವು ಒಂದೇ ರೀತಿ ವರ್ತಿಸುವುದರಿಂದ ಹೆವೆಶಿಯ ವಿಧಾನಗಳಿಗೆ ಅವು ಬಗ್ಗಲಿಲ್ಲ.

ಸೋತವನು ಇನ್ನೊಂದು ಪ್ರಶ್ನೆಯನ್ನು ಹಾಕಿಕೊಂಡನು. ಎರಡನ್ನೂ ಬೇರ್ಪಡಿಸಲಾಗದು ಎಂಬುದೇ ಉಪಯೋಗಕ್ಕೆ ಬರಬಾರದೇಕೆ? ಮಂದೆಯಲ್ಲಿ ಒಂದು ಹಸುವಿನ ಕೊರಳಿಗೆ ಗಂಟೆಯನ್ನು ಕಟ್ಟಿದರೆ, ಮಂದೆಯು ಕಾಡಿನೊಳಗೆ ಮರೆಯಾದರೂ ಗಂಟೆಯ ಸದ್ದಿನಿಂದ ಅದು ಎಲ್ಲಿದೆಯೆಂದು ಗೋವಳನಿಗೆ ತಿಳಿಯುತ್ತದೆ. ಹಾಗೆಯೇ ಸಾಧಾರಣ ಸೀಸಕ್ಕೆ ತುಸು ವಿಕಿರಣಪಟು ಸೀಸವನ್ನು ಬೆರೆಸಿದರೆ, ಅದು ಸೂಸುವ ಕಿರಣಗಳನ್ನು ಅಳೆದು ಸೀಸದ ದಾರಿಯನ್ನು ಹಿಂಬಾಲಿಸಬಹುದು. 1913ರಲ್ಲಿ ವಿಯೆನ್ನಾದಲ್ಲಿ ಪಾನೆಟ್ ಎಂಬ ವಿಜ್ಞಾನಿಯೊಡಗೂಡಿ ಹೆವೆಶಿಯು ಈ ಉಪಾಯವನ್ನು ಮೊದಲು ಬಳಸಿದನು. ನೀರಿನಲ್ಲಿ ಬಹಳ ಕಷ್ಟದಿಂದ ಕರಗುವ ಸೀಸದ ಲವಣಗಳು ಎಷ್ಟು ಕರಗುತ್ತವೆಂಬುದನ್ನು ಅವರು ಅಳೆದರು. 1923ರಲ್ಲಿ ಅವರೆಯ ಜಾತಿಯ ಗಿಡಗಳು ಬೇರಿನಿಂದ ಸೀಸವನ್ನು ಹೀರಿ ಕಾಂಡಕ್ಕೂ ಎಲೆಗೂ ಸಾಗಿಸುವ ಬಗೆಯನ್ನು ಅವನು ಹೀಗೆಯೇ ಕಂಡುಕೊಂಡನು.

1935ರ ಸುಮಾರಿಗೆ ಇಲಿಗಳಿಗೆ ವಿಕಿರಣಪಟು ರಂಜಕವನ್ನು ತಿನ್ನಿಸಿ ನೋಡಿದನು. ಈ ರಂಜಕದ ಅರ್ಧಾಯುವು ಸುಮಾರು 14 ದಿನಗಳು. ಬೆಳೆದ ಪ್ರಾಣಿಯ ಮೂಳೆಯು ಕಟ್ಟಿ ಮುಗಿದ ಗೋಡೆಯಂತೆ ಬದಲಾಗದೆ ಉಳಿಯುವುದಲ್ಲ, ಅದರಲ್ಲಿನ ರಂಜಕದ ಪರಮಾಣುಗಳು ಸದಾ ಹೊರಹೋಗುತ್ತ, ಹೊಸವು ಒಳಬರುತ್ತ ಇರುತ್ತವೆ ಎಂದು ಆಗ ತಿಳಿಯಿತು. 1943ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಈ ವಿಧಾನಕ್ಕಾಗಿ ಅವನಿಗೆ ದೊರೆಯಿತು. ಆಸ್ಪತ್ರೆಗಳಲ್ಲಿ ವಿಕಿರಣಪಟು ಅಯೋಡೀನಿನಿಂದ ಥೈರಾಯ್ಡ್ ಗ್ರಂಥಿಯನ್ನು ಪರೀಕ್ಷಿಸುವುದು ಇದೇ ತತ್ತ್ವದ ಮೇಲೆ.

ಹೆವೆಶಿಯ ಬಾಳಿನಲ್ಲಿ ನೆಮ್ಮದಿಯು ಕಡಮೆ. 1919ರ ರಾಜಕೀಯ ಕ್ಷೋಭೆಯ ತರುವಾಯ ಹಂಗೇರಿಯನ್ನು ಬಿಟ್ಟು ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಹೋದನು. ಮುಂದೆ ಜರ್ಮನಿಯ ಫ್ರೈಬುರ್ಗಿನಲ್ಲಿ ಪ್ರಾಧ್ಯಾಪಕನಾದನು. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ, 1934ರಲ್ಲಿ, ಅದನ್ನೂ ತೊರೆದು ಮತ್ತೆ ಕೋಪನ್‌ಹೇಗನ್ನನ್ನು ಸೇರಿದನು. 1940ರ ಏಪ್ರಿಲಿನಲ್ಲಿ ಜರ್ಮನ್ ಸೈನ್ಯವು ಆ ನಗರವನ್ನು ಹೊಕ್ಕಾಗ, ಲೌವೆ ಮತ್ತು ಫ್ರಾಂಕ್ ಎಂಬ ಇಬ್ಬರು ವಿಜ್ಞಾನಿಗಳ ನೊಬೆಲ್ ಚಿನ್ನದ ಪದಕಗಳು ಬೋರನ ಸಂಸ್ಥೆಯಲ್ಲಿದ್ದವು. ಜರ್ಮನಿಯಿಂದ ಚಿನ್ನವನ್ನು ಹೊರಗೆ ಕಳುಹಿಸುವುದು ಆಗ ಘೋರಾಪರಾಧ. ಪದಕಗಳ ಮೇಲೆ ಅವರ ಹೆಸರುಗಳಿದ್ದುದರಿಂದ ಸಿಕ್ಕಿದರೆ ಅಪಾಯವು ತಪ್ಪದು. ಹೆವೆಶಿಯು ಎರಡನ್ನೂ ನೈಟ್ರಿಕ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಕರಗಿಸಿಬಿಟ್ಟನು. ದ್ರಾವಣದ ಸೀಸೆಯು ಯುದ್ಧವು ಮುಗಿಯುವವರೆಗೂ ಯಾರ ಕಣ್ಣಿಗೂ ಬೀಳದೆ ಕಪಾಟಿನಲ್ಲಿ ಉಳಿಯಿತು. ಅನಂತರ ಚಿನ್ನವನ್ನು ಮರಳಿ ಪಡೆದು ಪದಕಗಳನ್ನು ಮತ್ತೆ ಅಚ್ಚುಹಾಕಲಾಯಿತು.

ಕಿವಿಯೊಳಗಿನ ಅಲೆ

ಬೇಕೇಶಿ ಜ್ಯೋರ್ಜ್ 1899ರಲ್ಲಿ ಜನಿಸಿದನು. 1923ರಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಹಂಗೇರಿಯ ಅಂಚೆ ಇಲಾಖೆಯ ಸಂಶೋಧನಾಲಯದಲ್ಲಿ ಕೆಲಸಕ್ಕೆ ನಿಂತನು. ಟೆಲಿಫೋನು ಆಗ ಆ ಇಲಾಖೆಗೆ ಸೇರಿತ್ತು. ಟೆಲಿಫೋನನ್ನು ಸುಧಾರಿಸಲು ಅದರ ಯಾವ ಭಾಗವನ್ನು ತಿದ್ದಬೇಕೆಂಬುದು ಅಲ್ಲಿನ ಎಂಜಿನಿಯರುಗಳ ಚಿಂತೆ. ಮಾತು ಕೊನೆಗೆ ಹೋಗಿ ಸೇರುವುದು ಕಿವಿಗಾದುದರಿಂದ, ಕಿವಿಯು ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿಯದೆ ಇದನ್ನು ತೀರ್ಮಾನಿಸಲಾಗದು ಎಂದು ಬೇಕೇಶಿಗೆ ತೋರಿತು.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ, ದ್ರವದಿಂದ ತುಂಬಿದ ಒಂದು ನಾಳವಿದೆ. ಅದಕ್ಕೆ ಕಾಕ್ಲಿಯಾ ಎಂದು ಹೆಸರು. ಅದರ ಉದ್ದಕ್ಕೂ ಸುಮಾರು 35 ಮಿಲಿಮೀಟರಿನ ಒಂದು ಪೊರೆಯು ಹಾಸಿಕೊಂಡಿದೆ. ಪಿಯಾನೋ ತಂತಿಗಳಂತೆ ಈ ಪೊರೆಯ ಒಂದೊಂದು ಎಳೆಯೂ ಒಂದೊಂದು ಸ್ವರಕ್ಕೆ ಮಿಡಿಯುತ್ತದೆಂದು 19ನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿಯು ಊಹಿಸಿದ್ದನು. ಆದರೆ ಆ ಪೊರೆಯ ಚಲನೆಯನ್ನು ಕಣ್ಣಾರೆ ಕಂಡವರಿರಲಿಲ್ಲ.

ಬೇಕೇಶಿಯು ಮೃತರ ಕಿವಿಗಳನ್ನು ನೀರಿನಲ್ಲಿ ಮುಳುಗಿಸಿ, ಸೂಕ್ಷ್ಮದರ್ಶಕದ ಕೆಳಗೆ, ಬಲು ಗಡುಸಾದ ಎಲುಬನ್ನು ಕೊರೆದು ಕಾಕ್ಲಿಯಾವನ್ನು ತೆರೆದನು. ಒಳಗಿನ ಪೊರೆಯು ಪಾರದರ್ಶಕವಾದುದರಿಂದ ಅದರ ಮೇಲೆ ಬೆಳ್ಳಿಯ ಸಣ್ಣ ಕಣಗಳನ್ನು ಉದುರಿಸಿದನು. ಶಬ್ದದ ಕಂಪನಕ್ಕೆ ಹೊಂದುವಂತೆ ಮಿನುಗಿ ಆರುವ ದೀಪವನ್ನು ಹಾಯಿಸಿದಾಗ, ಅತಿವೇಗದ ಚಲನೆಯು ನಿಧಾನವಾಗಿ ನಡೆಯುವಂತೆ ಕಾಣಿಸಿತು. ಒಂದು ತುದಿಯನ್ನು ಕಟ್ಟಿದ ಹಗ್ಗವನ್ನು ಇನ್ನೊಂದು ತುದಿಯಿಂದ ಒದರಿದರೆ ಅದರಲ್ಲಿ ಅಲೆಯೊಂದು ಸಾಗುತ್ತದೆಯಲ್ಲವೆ? ಪೊರೆಯಲ್ಲಿಯೂ ಅಂಥ ಅಲೆಯು ಬುಡದಿಂದ ತುದಿಯ ಕಡೆಗೆ ಸಾಗುತ್ತಿತ್ತು. ಪೊರೆಯು ಬುಡದಲ್ಲಿ ಕಿರಿದು, ಬಿಗಿ. ತುದಿಯಲ್ಲಿ ಅಗಲ, ಸಡಿಲ. ಆದುದರಿಂದ ಎತ್ತರದ ಸ್ವರಗಳ ಅಲೆಯು ಬುಡದ ಬಳಿಯಲ್ಲಿಯೇ ಉಬ್ಬಿ ಅಡಗುತ್ತದೆ, ತಗ್ಗಿನ ಸ್ವರಗಳದು ತುದಿಯವರೆಗೂ ಹೋಗಿ ಅಲ್ಲಿ ಉಬ್ಬುತ್ತದೆ. ಉಬ್ಬಿದ ಸ್ಥಳದಿಂದ ಮಿದುಳು ಸ್ವರವನ್ನು ಗುರುತಿಸುತ್ತದೆ.

ಈತನು 1946ರಲ್ಲಿ ದೇಶವನ್ನು ಬಿಟ್ಟು ಸ್ವೀಡನ್ನಿಗೂ, ಮರುವರ್ಷ ಅಮೆರಿಕದ ಹಾರ್ವರ್ಡಿಗೂ ಹೋದನು. 1961ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಬಹುಮಾನವನ್ನು ಪಡೆದನು. ಸತ್ತ ಕಿವಿಯಲ್ಲಿ ಕಂಡುದಕ್ಕಿಂತ ಜೀವಂತ ಕಿವಿಯ ಅಲೆಯು ಬಹಳ ಹರಿತವಾದುದೆಂದೂ, ಅಲ್ಲಿನ ಕೆಲವು ಜೀವಕೋಶಗಳು ತಾವೇ ಚಲಿಸಿ ಅಲೆಗೆ ಬಲವನ್ನು ಕೊಡುತ್ತವೆಂದೂ ಮುಂದಿನ ಸಂಶೋಧಕರು ತೋರಿಸಿದರು. ಆದರೂ ಅಲೆಯ ಸಂಚಾರವೆಂಬ ಮುಖ್ಯ ಸಂಗತಿಯು ನಿಂತಿದೆ. ಕಿವುಡರ ಕಾಕ್ಲಿಯಾದಲ್ಲಿ ವಿದ್ಯುತ್ತಂತಿಯನ್ನು ಇಳಿಸಿ ಶ್ರವಣವನ್ನು ಕೊಡುವ ಉಪಕರಣದಲ್ಲಿ, ಎತ್ತರದ ಸ್ವರಗಳಿಗೆ ಬುಡವನ್ನೂ ತಗ್ಗಿನವಕ್ಕೆ ತುದಿಯ ಕಡೆಯನ್ನೂ ಪ್ರಚೋದಿಸುತ್ತಾರೆ.

ಕ್ಷಣಭಂಗುರ ಅಯಾನು

ಒಲಾಹ್ ಜ್ಯೋರ್ಜ್ ಈ ನಾಲ್ವರಲ್ಲಿ ಕಿರಿಯನು. ಹುಟ್ಟಿದ್ದು 1927ರಲ್ಲಿ. 1956ರ ಹಂಗೇರಿಯ ಬಂಡಾಯವನ್ನು ಸೋವಿಯತ್ ಸೈನ್ಯವು ಅಡಗಿಸಿದಾಗ ಅವನು ಕುಟುಂಬದೊಡನೆ ದೇಶವನ್ನು ತೊರೆದು, ಕೆನಡಾದ ಒಂದು ರಾಸಾಯನಿಕ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿದನು.

ಇಂಗಾಲದ ಪರಮಾಣುವಿಗೆ ಸಾಧಾರಣವಾಗಿ ನಾಲ್ಕು ಬಂಧಗಳಿರುತ್ತವೆ. ಕೆಲವು ಕ್ರಿಯೆಗಳ ನಡುವೆ ಒಂದು ಬಂಧವು ಮುರಿದು, ಅದರ ಎರಡು ಎಲೆಕ್ಟ್ರಾನುಗಳೂ ಅತ್ತ ಹೋಗಿ, ಧನವಿದ್ಯುತ್ತನ್ನು ಹೊತ್ತ ಇಂಗಾಲದ ಅಯಾನು ಉಳಿಯುತ್ತದೆಂದು ರಸಾಯನಜ್ಞರು ಬಹಳ ಹಿಂದೆಯೇ ತರ್ಕಿಸಿದ್ದರು. ಆದರೆ ಎಲೆಕ್ಟ್ರಾನುಗಳನ್ನು ಕೊಡಬಲ್ಲ ಅಣುವು ಸುತ್ತಮುತ್ತ ಎಲ್ಲಿದ್ದರೂ ಈ ಅಯಾನು ಅದರೊಡನೆ ಕೂಡಿಬಿಡುತ್ತದೆ. ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಅದರ ಆಯುಸ್ಸು ತೀರುತ್ತದೆ.

ಎಲೆಕ್ಟ್ರಾನುಗಳನ್ನು ಕೊಡಲು ತೀರ ಹಿಂಜರಿಯುವ ದ್ರವವೊಂದರಲ್ಲಿ ಅಯಾನನ್ನು ಇಟ್ಟರೆ ಅದು ಬದುಕಿ ಉಳಿಯಬೇಕು ಎಂಬುದು ಒಲಾಹನ ಆಲೋಚನೆ. ಶುದ್ಧ ಗಂಧಕಾಮ್ಲಕ್ಕಿಂತ ಎಷ್ಟೋ ಪಾಲು ಪ್ರಬಲವಾದ ಮಹಾಮ್ಲಗಳಲ್ಲಿ, ತಗ್ಗಿದ ಉಷ್ಣತೆಯಲ್ಲಿ, ಅವನು ಇದನ್ನು ಸಾಧಿಸಿದನು. ಅಯಾನುಗಳು ಉಪಕರಣಗಳಿಂದ ಪರೀಕ್ಷಿಸುವಷ್ಟು ಹೊತ್ತು ನಿಂತವು. 1966ರ ಕ್ರಿಸ್‌ಮಸ್ ಸಂತೋಷಕೂಟದ ತರುವಾಯ ಅವನ ಪ್ರಯೋಗಾಲಯದ ಸಂಶೋಧಕನೊಬ್ಬನು ಉಳಿದ ಮೇಣದ ಬತ್ತಿಯ ತುಂಡನ್ನು ಇಂಥ ಆಮ್ಲಕ್ಕೆ ಹಾಕಿದನು. ಸಾಮಾನ್ಯ ಆಮ್ಲಗಳಿಗೆ ಜಗ್ಗದ ಪ್ಯಾರಫಿನ್ ಮೇಣವು ಅದರಲ್ಲಿ ಕರಗಿತು. ದ್ರಾವಣದಲ್ಲಿ ಇಂಗಾಲದ ಅಯಾನು ಇದ್ದುದು ಪರೀಕ್ಷೆಯಿಂದ ಗೊತ್ತಾಯಿತು. ಅಂದಿನಿಂದ ಆ ಆಮ್ಲಕ್ಕೆ ‘ಮಾಯಾ ಆಮ್ಲ’ವೆಂದೇ ಹೆಸರಾಯಿತು. ಪೆಟ್ರೋಲಿಯಂ ಶುದ್ಧೀಕರಣದಲ್ಲಿ ನೇರ ಸರಪಣಿಯ ಅಣುಗಳನ್ನು ಕವಲೊಡೆದ ಅಣುಗಳನ್ನಾಗಿಸಿ ಉತ್ತಮ ಪೆಟ್ರೋಲನ್ನು ಪಡೆಯುವಲ್ಲಿ ಈ ಅಯಾನುಗಳೇ ಮಧ್ಯವರ್ತಿಗಳು. ಒಲಾಹನಿಗೆ 1994ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಬಂದಿತು. ಅವನು 2017ರಲ್ಲಿ ಅಮೆರಿಕದಲ್ಲಿ ತೀರಿಕೊಂಡನು.

ಆಲೋಚನೆಯ ದಾರಿ

ಪೋಲ್ಯಾ ಜ್ಯೋರ್ಜ್ ಗಣಿತಜ್ಞನು. 1887ರಲ್ಲಿ ಹುಟ್ಟಿದನು. ಮೊದಲು ನ್ಯಾಯಶಾಸ್ತ್ರ, ಆಮೇಲೆ ಭಾಷೆ ಸಾಹಿತ್ಯಗಳು, ಅನಂತರ ತತ್ತ್ವಶಾಸ್ತ್ರ, ಹೀಗೆ ಅಲೆದು ಕೊನೆಗೆ ಗಣಿತಕ್ಕೆ ಬಂದವನು. ಸ್ವಿಟ್ಜರ್ಲೆಂಡಿನ ಜೂರಿಚ್ಚಿನಲ್ಲಿ 1914ರಿಂದ ಅಧ್ಯಾಪಕನಾಗಿದ್ದನು. ಒಮ್ಮೆ ಅಲ್ಲಿ ಕಾಡುದಾರಿಯಲ್ಲಿ ತಿರುಗಾಡುವಾಗ ಒಂದು ತರುಣ ಜೋಡಿಯು ಅವನಿಗೆ ಮತ್ತೆ ಮತ್ತೆ ಎದುರಾಯಿತು. ಗೊತ್ತುಗುರಿಯಿಲ್ಲದೆ ಅಲೆಯುವವರು ಹೀಗೆ ಸಂಧಿಸುವ ಸಂಭವವೆಷ್ಟು ಎಂದು ಅವನು ಯೋಚಿಸಿದನು. 1921ರಲ್ಲಿ ಅವನು ಪ್ರಕಟಿಸಿದ ಪ್ರಮೇಯದ ಸಾರವಿದು: ಚೌಕಳಿಯ ಬೀದಿಗಳುಳ್ಳ ಅನಂತ ನಗರದಲ್ಲಿ, ಮೂಲೆ ಮೂಲೆಯಲ್ಲಿಯೂ ಚೀಟಿಯೆತ್ತಿ ದಿಕ್ಕನ್ನು ಆರಿಸಿಕೊಂಡು ನಡೆಯುವವನು ಹೊರಟ ಸ್ಥಳಕ್ಕೆ ಒಂದಲ್ಲ ಒಂದು ದಿನ ಮರಳಿ ಬರುವುದು ನಿಶ್ಚಯ. ಮೇಲೆ ಕೆಳಗೆ ಹೋಗುವ ದಾರಿಗಳೂ ಇದ್ದರೆ ಮಾತ್ರ ನಿಶ್ಚಯವಿಲ್ಲ. ಆಗ ಮರಳುವ ಸಂಭವವು ಸುಮಾರು 0.34.

1940ರಲ್ಲಿ ಯುದ್ಧದ ಭೀತಿಯಿಂದ ಪೋಲ್ಯಾ ಅಮೆರಿಕಕ್ಕೆ ಹೋದನು. ಸಮಸ್ಯೆಗಳನ್ನು ಬಿಡಿಸುವ ಬಗೆಯನ್ನು ಕುರಿತ ಅವನ ಪುಸ್ತಕವು 1945ರಲ್ಲಿ ಹೊರಬಂದಿತು. ಗಣಿತದ ಗ್ರಂಥಗಳಲ್ಲಿ ನಾವು ಕಾಣುವುದು ಮುಗಿದ ಉತ್ತರವನ್ನು. ಅಲ್ಲಿಗೆ ಮನಸ್ಸು ತಲುಪಿದ ದಾರಿಯು ಮರೆಯಾಗಿರುತ್ತದೆ. ಪೋಲ್ಯಾ ಆ ದಾರಿಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದನು. ಸಮಸ್ಯೆಯನ್ನು ಅರಿತುಕೊಳ್ಳುವುದು, ಉಪಾಯವನ್ನು ಹೂಡುವುದು, ಅದನ್ನು ನಡೆಸುವುದು, ಹಿಂದಿರುಗಿ ನೋಡುವುದು.

ಒಂದು ಉದಾಹರಣೆಯನ್ನು ನೋಡೋಣ. ಮೊದಲ ನೂರು ಬೆಸಸಂಖ್ಯೆಗಳ ಮೊತ್ತವೆಷ್ಟು? ನೂರನ್ನೂ ಕೂಡುವ ಮೊದಲು ಚಿಕ್ಕ ಸಮಸ್ಯೆಗಳನ್ನು ಬಿಡಿಸಿರಿ. 1; 1+3=4; 1+3+5=9; 1+3+5+7=16. ಬಂದವೆಲ್ಲ ವರ್ಗಸಂಖ್ಯೆಗಳು. ಹಾಗಾದರೆ ನೂರರ ಮೊತ್ತವು 10,000 ಇರಬೇಕು. ಇದು ಊಹೆ. ಸಾಧನೆ ಬೇಕಾದರೆ ಹುಣಿಸೆಬೀಜಗಳನ್ನು ಚೌಕವಾಗಿ ಜೋಡಿಸಿರಿ. ಒಂದು ಚೌಕವನ್ನು ಮುಂದಿನ ಚೌಕವನ್ನಾಗಿಸಲು ಎರಡು ಪಕ್ಕಗಳಲ್ಲಿಯೂ ಮೂಲೆಯಲ್ಲಿಯೂ ಇಡಬೇಕಾದ ಬೀಜಗಳು ಕ್ರಮವಾಗಿ 3, 5, 7 ಎಂದು ಕಾಣುವಿರಿ. ಈಗ ಹಿಂದಿರುಗಿ ನೋಡಿರಿ. ಘನಸಂಖ್ಯೆಗಳನ್ನು ಹೀಗೆಯೇ ಕೂಡುತ್ತ ಹೋದರೆ, 1, 1+8, 1+8+27, ಎಂಥ ಸಂಖ್ಯೆಗಳು ಬರುತ್ತವೆ? ಇದನ್ನು ಓದುಗರೇ ಕಂಡುಕೊಳ್ಳಬೇಕು.

ಪಡೆದುದನ್ನು ಬೇರೆ ಸಮಸ್ಯೆಗೆ ಬಳಸಬಹುದೇ ಎಂದು ಕೇಳಿಕೊಳ್ಳುವುದು ಪೋಲ್ಯಾನ ನಾಲ್ಕನೆಯ ಹಂತಕ್ಕೆ ಸೇರಿದೆ. ಉಳಿದ ಮೂವರೂ ತಮ್ಮ ಕೆಲಸದಲ್ಲಿ ಕೇಳಿಕೊಂಡದ್ದು ಇಂಥ ಪ್ರಶ್ನೆಯನ್ನೇ. ಹೆವೆಶಿಯು ತನ್ನ ಸೋಲನ್ನು ಅಳತೆಯ ಸಾಧನವನ್ನಾಗಿಸಿದನು. ಬೇಕೇಶಿಯು ಟೆಲಿಫೋನಿನ ಪ್ರಶ್ನೆಯನ್ನು ಕಿವಿಯ ಪ್ರಶ್ನೆಯಾಗಿ ತಿರುಗಿಸಿದನು. ಅಯಾನು ಏಕೆ ಸಾಯುತ್ತದೆಂಬುದನ್ನು ತಿಳಿದು, ಸಾಯದಂಥ ಎಡೆಯನ್ನು ಒಲಾಹನು ಒದಗಿಸಿದನು. ದೊಡ್ಡ ಯಂತ್ರಗಳಿಲ್ಲದ ಶಾಲೆಯ ವಿದ್ಯಾರ್ಥಿಯೂ ಇಷ್ಟನ್ನು ಇವರಿಂದ ಕಲಿಯಬಹುದು.

ಇವರನ್ನು ಹೆತ್ತ ದೇಶಕ್ಕೆ ಇವರ ಬಾಳಿನ ಫಲವು ಬಹುಪಾಲು ದಕ್ಕಲಿಲ್ಲ. ಯುದ್ಧ, ಕ್ಷೋಭೆ, ದಬ್ಬಾಳಿಕೆಗಳಿಂದಾಗಿ ನಾಲ್ವರೂ ಬೇರೆ ನೆಲದಲ್ಲಿ ದುಡಿದರು. ಅವರ ಹೆಸರೂ ಆಯಾ ದೇಶದ ನಾಲಗೆಗೆ ತಕ್ಕಂತೆ ಗೇಯೋರ್ಗ್ ಎಂದೋ ಜಾರ್ಜ್ ಎಂದೋ ಆಯಿತು. 1966ರಲ್ಲಿ ಫ್ರೈಬುರ್ಗಿನಲ್ಲಿ ತೀರಿಕೊಂಡ ಹೆವೆಶಿಯ ಅವಶೇಷಗಳನ್ನು 2001ರಲ್ಲಿ ಬುಡಾಪೆಸ್ಟಿಗೆ ತಂದು ಸಮಾಧಿ ಮಾಡಲಾಯಿತು. ಅವನು ಆ ಊರನ್ನು ಬಿಟ್ಟು ಆಗ 80 ವರ್ಷಗಳು ಕಳೆದಿದ್ದವು.