ಪಿಕಳಾರ ಪಕ್ಷಿಗಳ ಎರಡು ಜಾತಿಗಳು

ಪಿಕಳಾರವನ್ನು ಕಾಣದ ರೈತನಿಲ್ಲ. ಇದು ಸೀಬೆ, ದ್ರಾಕ್ಷಿ ಮುಂತಾದ ಫಲಗಳನ್ನು ಕುಕ್ಕುವುದರಿಂದ ತೋಟದವರು ಇದನ್ನು ಶತ್ರುವೆಂದೇ ಎಣಿಸುವುದುಂಟು. ನಮ್ಮ ಸೀಮೆಯಲ್ಲಿ ಸಾಧಾರಣವಾಗಿ ಕಾಣತಕ್ಕವು ಇದರ ಎರಡು ಜಾತಿಗಳು. ಇವುಗಳ ಗುರುತನ್ನೂ ನಡತೆಯನ್ನೂ ಅರಿತ ಬಳಿಕವೇ ಲಾಭನಷ್ಟಗಳನ್ನು ನಿರ್ಣಯಿಸುವುದು ಯುಕ್ತವು.

ಗುರುತುಗಳು.— ಒಂದಕ್ಕೆ ಕೆಂಪು ಕಿಬ್ಬೊಟ್ಟೆಯ ಪಿಕಳಾರವೆಂದೂ ಮತ್ತೊಂದಕ್ಕೆ ಕೆಮ್ಮೀಸೆಯ ಪಿಕಳಾರವೆಂದೂ ಹೆಸರು. ಎರಡೂ ಸುಮಾರು 8 ಅಂಗುಲ ಉದ್ದವಿರುತ್ತವೆ. ಎರಡಕ್ಕೂ ಬಾಲದ ಬುಡದ ಕೆಳಗೆ ಕೆಂಪು ಬಣ್ಣವಿರುವುದರಿಂದ ಅದೊಂದನ್ನೇ ನೋಡಿ ಜಾತಿಯನ್ನು ಹೇಳಲಾಗದು. ಮೊದಲನೆಯದರ ತಲೆ ಕಪ್ಪು, ಜುಟ್ಟು ಮೊಂಡು, ಮೈಮೇಲೆ ಹುರುಪೆಯಂತಹ ಗೆರೆಗಳು; ಹಾರುವಾಗ ಬಾಲದ ಬುಡದ ಮೇಲ್ಭಾಗವು ಬೆಳ್ಳಗೆ ಕಾಣುವುದು. ಎರಡನೆಯದರ ಜುಟ್ಟು ನೀಳವಾಗಿ ಚೂಪಾಗಿದ್ದು, ಕೆನ್ನೆಯೂ ಹೊಟ್ಟೆಯೂ ಬೆಳ್ಳಗಿರುವುವು. ಕಣ್ಣಿನ ಹಿಂದೆ ಕೆಂಪು ಮಚ್ಚೆಯುಂಟು. ಮರಿಗಳಿಗೆ ಈ ಮಚ್ಚೆಯಿರುವುದಿಲ್ಲ.

ವಾಸಸ್ಥಳ.— ಮೊದಲನೆಯದು ಬಯಲುಸೀಮೆಯ ಒಣ ಕುರುಚಲು ಕಾಡಿಗೂ ಹೊಲದ ಬೇಲಿಗೂ ಒಗ್ಗಿದುದು; ಎರಡನೆಯದು ಮಲೆನಾಡಿನ ತೋಟಗಳಲ್ಲಿಯೂ ತೇವವುಳ್ಳ ಪ್ರದೇಶಗಳಲ್ಲಿಯೂ ಹೆಚ್ಚು. ಬೆಂಗಳೂರು, ಮೈಸೂರುಗಳ ತೋಟಗಳಲ್ಲಿ ಎರಡೂ ಕಾಣುತ್ತವೆ.

ಲಾಭನಷ್ಟ.— ಎರಡೂ ಹಣ್ಣುಗಳನ್ನು ತಿನ್ನುವುವಾದರೂ ಮರಿಗಳಿಗೆ ಹುಳುಹುಪ್ಪಟೆಗಳನ್ನು ತಂದುಣಿಸುತ್ತವೆ. ಶ್ರೀಗಂಧದ ಹಣ್ಣನ್ನು ನುಂಗಿ ಬೀಜವನ್ನು ದೂರದ ಬೇಲಿಗಳಲ್ಲಿ ಉದುರಿಸುತ್ತವೆ. ಗಂಧದ ಸಸಿಯು ಇತರ ಗಿಡಗಳ ಬೇರಿನಿಂದ ಆಹಾರವನ್ನು ಹೀರಿಕೊಂಡೇ ಬೆಳೆಯತಕ್ಕುದಾದುದರಿಂದ ಬೇಲಿಯ ಪೊದೆಯು ಅದಕ್ಕೆ ತಕ್ಕ ಆಶ್ರಯವಾಗುವುದು. 2001ರ ತಿದ್ದುಪಡಿಯ ತರುವಾಯ ಕರ್ನಾಟಕದಲ್ಲಿ ಸ್ವಂತ ಜಮೀನಿನ ಗಂಧದ ಮರಕ್ಕೆ ಜಮೀನುದಾರನೇ ಒಡೆಯನು. ಕಡಿಯುವುದಕ್ಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಹೀಗೆ ಹಕ್ಕಿಯು ಕೂಲಿಯಿಲ್ಲದೆ ಬಿತ್ತಿದ ಸಸಿಯೊಂದು ಮುಂದೆ ಸಂಸಾರಕ್ಕೆ ಆಸ್ತಿಯಾಗಬಹುದು. ಆದರೆ ಇದೇ ಹಕ್ಕಿಗಳು ಲಂಟಾನದ ಬೀಜವನ್ನೂ ಹರಡುತ್ತವೆಂಬುದನ್ನು ಮರೆಯತಕ್ಕದ್ದಲ್ಲ.

ಮಾಡತಕ್ಕ ಕೆಲಸ.— (1) ಫಲ ಪಕ್ವವಾಗುವ ಕಾಲದಲ್ಲಿ ದ್ರಾಕ್ಷಿಗೆ ಬಲೆಯನ್ನು ಹೊದಿಸಿರಿ. ಸೀಬೆಕಾಯಿಗಳಿಗೆ ಚೀಲ ಕಟ್ಟಿರಿ. ಹಕ್ಕಿಗಳು ಸಿಕ್ಕಿಕೊಳ್ಳದಂತೆ ಬಲೆಯು ಬಿಗಿಯಾಗಿರಲಿ. (2) ಲಂಟಾನವನ್ನು ಹಣ್ಣಾಗುವುದಕ್ಕೆ ಮುಂಚೆಯೇ ಬೇರುಸಹಿತ ಕೀಳಿಸಿರಿ. (3) ಬೇಲಿಯನ್ನು ಸವರುವ ಮುನ್ನ ಬಟ್ಟಲಿನಾಕಾರದ ಗೂಡುಗಳಿವೆಯೇ ಎಂದು ನೋಡಿರಿ. ಮೊಟ್ಟೆಗಳು ಸಾಮಾನ್ಯವಾಗಿ ಎರಡು ಅಥವಾ ಮೂರು. (4) ಬೇಲಿಯಲ್ಲಿ ಗಂಧದ ಸಸಿ ಕಂಡರೆ ಅದನ್ನೂ ಪಕ್ಕದ ಗಿಡವನ್ನೂ ಉಳಿಸಿರಿ.

ಈ ಹಕ್ಕಿಗಳನ್ನು ಕೊಲ್ಲುವುದೂ ಹಿಡಿಯುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವು. ಗ್ರಾಮದ ಮುಖಂಡರು ಈ ಸಂಗತಿಯನ್ನು ಎಲ್ಲರಿಗೂ ತಿಳಿಯಹೇಳಿ, ಬಲೆಯ ವೆಚ್ಚವೊಂದರಿಂದಲೇ ಫಲವೂ ಹಕ್ಕಿಯೂ ಉಳಿಯುವುವೆಂಬುದನ್ನು ಮನದಟ್ಟು ಮಾಡಿಕೊಡಬೇಕು.